ಕಾಡುಕತ್ತೆಯೋ ಜೀಪೋ

…ಅಥವಾ ಎಂಜಿನ್ನಿನ ಸದ್ದೇ ಮೊದಲು ಕೇಳಿಸಿತ್ತೇನೋ. ಇಷ್ಟು ದಿನ ಕೂಗು ಮೊದಲು, ಆಮೇಲೆ ಎಂಜಿನ್ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ಗಟ್ಟಿಯಾಗಿಬಿಟ್ಟಿದೆ. ಆದರೆ ನಿನ್ನೆ ಪುಣೆಯ ನಿಗಡಿಯಲ್ಲಿರುವ ನನ್ನ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಕೆಳಗೆ ಯಾರೋ ಟೆಂಪೊ ಶುರು ಮಾಡಿದರು. ಒಡನೆ ನನ್ನ ಮೈ ಬಿಗಿದುಕೊಂಡು ಕೂಗಿಗಾಗಿ ಕಾಯತೊಡಗಿತು. ಮೈ ಕಾಯುತ್ತದೆಂದರೆ ಎಂಜಿನ್ ಮೊದಲು, ಕೂಗು ಆಮೇಲೆ ಎಂದಲ್ಲವೆ? ಆದರೆ ಮೈಯೂ ಸುಳ್ಳು ಕಲಿಯುತ್ತದೆ. ಅದನ್ನು ನಂಬಿ ಏನನ್ನೂ ಬರೆಯಲಾರೆ.

ಈ ಹಿಂದುಮುಂದು ಸಣ್ಣ ವಿಷಯವಲ್ಲ. ಗುಜರಾತಿನ ಉಪ್ಪಿನ ಮರುಭೂಮಿಯಲ್ಲಿ, ಕಛ್‌ನ ಚಿಕ್ಕ ರಣದಲ್ಲಿ, ನನ್ನ ಗೆಳೆಯರೊಬ್ಬರ ಕಾಲು ಮುರಿದು ಪುಡಿಯಾಯಿತು. ಅವರ ಕೂಗು ಮೊದಲಾಗಿದ್ದರೆ ಕಾಲು ಮುರಿದದ್ದು ಕಾಡುಕತ್ತೆ, ಜೀಪು ಬಂದದ್ದು ಅವರನ್ನು ಉಳಿಸಲು. ಎಂಜಿನ್ ಮೊದಲಾಗಿದ್ದರೆ ಆ ಕಾಲಿನ ಮೇಲೆ ಜೀಪೇ ಹಾದಿರಬಹುದು. ಜೀಪು ಹಾದಿದ್ದರೆ ಅದನ್ನು ಓಡಿಸುತ್ತಿದ್ದವನ ಪರವಾನಗಿ ಹೋಗುತ್ತಿತ್ತು. ರಣದ ಅಂಚಿನ ಹಳ್ಳಿಯವನು ಅವನು. ನಮ್ಮಂಥವರನ್ನು ಕೂರಿಸಿಕೊಂಡು ಪ್ರಾಣಿ ತೋರಿಸುವುದು ಬಿಟ್ಟರೆ ಬೇರೆ ಕಸುಬಿಲ್ಲ. ಅಲ್ಲಿ ಇದ್ದದ್ದು ಮೂವರೇ. ಅವನು, ಗೆಳೆಯರು, ನಾನು. ಗೆಳೆಯರಿಗೆ ನೆನಪಿಲ್ಲ. ಅವನ ಮಾತನ್ನು ಯಾರೂ ಕೇಳುವುದಿಲ್ಲ. ಉಳಿದವಳು ನಾನು.

ನನ್ನ ನೆನಪಿನ ಯೋಗ್ಯತೆ ಎಷ್ಟೆಂದು ನನಗೆ ಗೊತ್ತು. ಚಿಂಚವಡದ ಕಾರ್ಖಾನೆಗಳಿಗೆ ನಟ್ಟು, ಬೋಲ್ಟು, ಗೇರುಗಳನ್ನು ಬಿಳಿ ಕಾಗದದ ಮೇಲಿಟ್ಟು ಫೋಟೊ ತೆಗೆಯುವುದು ನನ್ನ ಹೊಟ್ಟೆಪಾಡು. ಚಳಿಗಾಲದಲ್ಲಿ ಮರುಭೂಮಿಗೆ ಹೋಗುವುದು ನನ್ನ ಹುಚ್ಚು. ಒಮ್ಮೆ ಜೈಸಲ್ಮೇರಿನ ಆಚೆ ಒಂದು ಚಿಂಕಾರ ಹುಲ್ಲೆ ತಂತಿಬೇಲಿಗೆ ಕಾಲು ಸಿಕ್ಕಿಸಿಕೊಂಡು ಜೋತುಬಿದ್ದಿತ್ತು. ಊರನಾಯಿಗಳ ಹಿಂಡು ಹಿಂದಿನಿಂದ ತಿನ್ನತೊಡಗಿತ್ತು. ಚಿಂಕಾರ ಇನ್ನೂ ಸತ್ತಿರಲಿಲ್ಲ. ಹೊಟ್ಟೆಯೊಳಗಿನದೆಲ್ಲ ಮರಳಿನ ಮೇಲೆ ಎಳೆದಾಡುತ್ತಿದ್ದರೂ ಅದರ ಕತ್ತು ನೆಟ್ಟಗಿತ್ತು, ಬೇಲಿಯಾಚೆ ಹುಲ್ಲು ಇರುವ ಕಡೆಗೇ ನೋಡುತ್ತಿತ್ತು. ನಾನು ಕಿರುಚುತ್ತ ಟ್ರೈಪಾಡ್ ಬೀಸಿಕೊಂಡು ಓಡಿದೆ. ಒಂದು ನಾಯಿಯ ಬೆನ್ನಿಗೆ ಬಿತ್ತು. ಅದು ಬಾಯಲ್ಲಿದ್ದದ್ದನ್ನು ಬಿಡಲಿಲ್ಲ.

ಈ ನೆನಪಿನಲ್ಲಿ ಗಾಳಿ ಇಲ್ಲ. ಒಂದು ಎಲೆಯೂ ಅಲುಗದ ಮಧ್ಯಾಹ್ನ. ಆದರೆ ಮರುದಿನ ನೋಡಿದರೆ ನನ್ನದೇ ಫೋಟೊದಲ್ಲಿ ಬೇಲಿಯ ಹಿಂದಿನ ಜಾಲಿ ಗಿಡ ಗಾಳಿಗೆ ಒಂದೇ ಮಗ್ಗುಲಿಗೆ ಬಾಗಿದೆ. ಕೊರಳಲ್ಲಿದ್ದ ಇನ್ನೊಂದು ಕ್ಯಾಮೆರಾ ತಂತಾನೇ ಹಿಡಿದ ತುಣುಕು ವಿಡಿಯೊದಲ್ಲಿ ನಾಯಿಗಳ ಏದುಸಿರಿದೆ, ಗಾಳಿಯ ಭೋರಾಟವಿದೆ, ನನ್ನ ಕಿರುಚಾಟವಿಲ್ಲ. ನಾನು ಕಿರುಚಲೇ ಇಲ್ಲ. ಆದರೂ ಈಗಲೂ ಆ ಕಿರುಚಾಟದಿಂದ ಗಂಟಲು ಕೆರೆದಿದ್ದು ನೆನಪಿದೆ.

ಗೆಳೆಯರು ಸಿಕ್ಕಿದ್ದು ಸಾಸವಡದ ಹತ್ತಿರದ ಹುಲ್ಲುಗಾವಲಿನಲ್ಲಿ. ಬೆಳಗ್ಗೆ ತೋಳ ಕಾಯುತ್ತ ಹೊಟ್ಟೆಯ ಮೇಲೆ ಮಲಗಿದ್ದೆ. ಪಕ್ಕದಲ್ಲಿ ಬಿಳಿ ಅಂಗಿಯ ದಪ್ಪನೆಯ ಮನುಷ್ಯರೊಬ್ಬರು ಮಲಗಿದ್ದರು, ಲಾರಿಯಿಂದ ಉರುಳಿಬಿದ್ದ ಮೂಟೆಯ ಹಾಗೆ. ತೋಳ ಬಂತು. ಕುರಿಮಂದೆಯ ಅಂಚಿನಿಂದ ಒಂದು ಮರಿಯ ಕತ್ತು ಕಚ್ಚಿ ಎಳೆಯಿತು. ಕುರಿಗಾರರ ನಾಯಿ ಹಿಂದಿನಿಂದ ಬಂದು ತೋಳದ ತೊಡೆ ಹಿಡಿಯಿತು. ತೋಳ ಮರಿಯನ್ನು ಬಿಟ್ಟು ಹೊರಳಿ ನಾಯಿಯ ಮೂತಿಯನ್ನು ಉದ್ದಕ್ಕೆ ಸೀಳಿತು. ಮೂತಿಯ ಅರ್ಧ ಜೋತುಬಿದ್ದ ನಾಯಿ ಆಮೇಲೂ ಅಟ್ಟಿಸಿಕೊಂಡು ಹೋಯಿತು. ಇಷ್ಟಾದ ಮೇಲೆ ಬಿಳಿ ಅಂಗಿಯವರು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಮರಾಠಿಯಲ್ಲಿ ಏನೋ ಗೊಣಗಿದರು, ಆಮೇಲೆ ತಮ್ಮಷ್ಟಕ್ಕೆ ಕನ್ನಡದಲ್ಲಿ, "ನಮ್ಮ ಯಾರ್ಡಿನ್ಯಾಗ ಇದಕಿಂತ ಜೋರ್ ಆಗ್ತದ. ಇಲ್ಲೆ ಬೈಗಳ ಅಂತೂ ಇಲ್ಲ" ಎಂದರು.

ನಾನು ನಕ್ಕೆ. "ಕನ್ನಡದವರೇನ್ರಿ?" ಎಂದೆ.

"ಹೌದ್ರಿ. ಉಳ್ಳಾಗಡ್ಡಿ ಮಾರ್ತೀನಿ. ಮಾರ್ಕೆಟ್ ಯಾರ್ಡಿನ್ಯಾಗ ಅಂಗಡಿ ಅದ. ನಮ್ಮ ಅಜ್ಜ ಬೆಳಗಾವಿ ಕಡೆಯಿಂದ ಬಂದಾವ್ರು."

ಆಮೇಲೆ ನನ್ನ ಪ್ರತಿಯೊಂದು ಪ್ರಯಾಣಕ್ಕೂ ಅವರು ಜೊತೆಯಾದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ಕೆಣಕುವುದಕ್ಕೆಂದೇ ನನ್ನನ್ನು "ಗುರುಗಳ" ಎಂದು ಕರೆಯುತ್ತಿದ್ದರು. ನೆಲಕ್ಕೆ ಹೊಟ್ಟೆಯಿಟ್ಟು ಮಲಗಿ ತೆಗೆದರೆ ಪ್ರಾಣಿ ಆಕಾಶಕ್ಕೆ ತಾಗಿದಂತೆ ಕಾಣುತ್ತದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಮಲಗುತ್ತಾರೆ. ಅವರಿಗೆ ಅದೇ ಒಂದು ವ್ರತವಾಯಿತು. ಮಲಗಿದರೆ ಏಳುವುದಕ್ಕೆ ಕೈ ಕೊಡಬೇಕು. "ಕ್ರೇನ್ ಕರೀರಿ" ಎನ್ನುತ್ತಿದ್ದರು.

ರಣದ ಆ ಬೆಳಗಿಗೆ ಬರುತ್ತೇನೆ. ಮಳೆಗಾಲ ಮುಗಿದು ನೆಲ ಒಣಗಿದ ಹೊಸತು. ಉಪ್ಪಿನ ಹೊರಪದರ ಕಾಲಿಟ್ಟಲ್ಲೆಲ್ಲ ಹಪ್ಪಳದಂತೆ ಮುರಿಯುತ್ತಿತ್ತು. ಎರಡು ಗಂಡು ಕಾಡುಕತ್ತೆಗಳು ಹೋರಾಡುತ್ತಿದ್ದವು. ನಮ್ಮ ಊರಿನ ಅಗಸರ ಕತ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಇದು ತಿಳಿಯದು. ಇವು ಕುದುರೆಯಷ್ಟು ಗಟ್ಟಿ. ಕಿವಿ ಹಿಂದಕ್ಕೆ ಒರಗಿಸಿ, ಒಂದರ ಮೊಣಕಾಲನ್ನು ಇನ್ನೊಂದು ಕಚ್ಚುತ್ತಿತ್ತು. ಕಚ್ಚು ತಪ್ಪಿದಾಗ ಹಲ್ಲಿಗೆ ಹಲ್ಲು ಬಡಿದ ಸದ್ದು ಮರದ ಪೆಟ್ಟಿಗೆ ಮುಚ್ಚಿದ ಹಾಗಿತ್ತು. ಎರಡೂ ಹಿಂಗಾಲ ಮೇಲೆ ಎದ್ದು ನಿಂತು ಒಂದಕ್ಕೊಂದು ಎದೆಗೆ ಒದ್ದವು. ಕೆಳಗಿಳಿದಾಗ ಒಂದರ ಕತ್ತಿನ ಚರ್ಮ ಅಂಗೈ ಅಗಲ ಕಿತ್ತು ಜೋತಾಡುತ್ತಿತ್ತು, ಅದರೊಳಗಿನ ಮಾಂಸ ಹಸಿಯಾಗಿ ಹೊಳೆಯುತ್ತಿತ್ತು.

ಗೆಳೆಯರು ಮುಂದೆ ಹೋಗಿ ಮಲಗಿದ್ದರು. ನಾನು ಬಲಗಡೆ, ಬಹಳ ಹಿಂದೆ ನಿಂತಿದ್ದೆ. ಜೀಪು ಎಡಗಡೆ ಇತ್ತು, ಚಾಲಕ ಅದಕ್ಕೆ ಒರಗಿ ನಿಂತಿದ್ದ. ಕತ್ತು ಹರಿದುಕೊಂಡದ್ದು ಸೋತಿತು. ಹೊರಳಿ ಓಡಿತು. ಗೆದ್ದದ್ದು ಅದರ ಪೃಷ್ಠವನ್ನು ಕಚ್ಚುತ್ತ ಹಿಂದೆ ಓಡಿತು. ಎರಡೂ ನೇರ ಗೆಳೆಯರ ಕಡೆಗೆ.

ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು ಒಂದಿದೆ. ಉದ್ದ ಲೆನ್ಸಿನಲ್ಲಿ ಒಂದು ಕಣ್ಣಿಟ್ಟು ಇನ್ನೊಂದನ್ನು ಮುಚ್ಚಿಕೊಂಡವನಿಗೆ ದೂರ ಎಂಬುದು ತಿಳಿಯುವುದಿಲ್ಲ. ಪ್ರಾಣಿ ದೊಡ್ಡದಾಗುತ್ತದೆ, ಅಷ್ಟೇ. ದೊಡ್ಡದಾದಷ್ಟೂ ಖುಷಿ. ಅದು ಮಸುಕಾಗತೊಡಗಿದರೆ ಹತ್ತಿರ ಬಂತು ಎಂದು ಹೊಳೆಯುವುದಿಲ್ಲ, ಫೋಕಸ್ ಕೆಟ್ಟಿತು ಎಂದುಕೊಂಡು ಲೆನ್ಸು ತಿರುಗಿಸುತ್ತೇವೆ. ಅವರು ತಿರುಗಿಸುತ್ತಿದ್ದರು. ಅದನ್ನು ನಾನು ನೋಡಿದೆ. ನನ್ನ ಫೋಟೊದಲ್ಲೂ ಇದೆ, ಲೆನ್ಸಿನ ಮೇಲೆ ಅವರ ಎಡಗೈ.

ನಾನು ಬೆರಳು ಎತ್ತದೆ ಒತ್ತಿಹಿಡಿದಿದ್ದೆ. ಹಾಗೆ ಒಂದೇ ಸಮನೆ ತೆಗೆಯುತ್ತ ಹೋದರೆ ಕ್ಯಾಮೆರಾ ಚಿತ್ರಗಳನ್ನು ಒಳಗೆ ತುಂಬಿಕೊಳ್ಳಲಾರದೆ ಕೆಲವು ಕ್ಷಣ ಸತ್ತುಹೋಗುತ್ತದೆ. ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಹಿಂದೆ ಒಂದು ಕೆಂಪು ದೀಪ ಮಿನುಗುತ್ತದೆ. ಅಂದು ಸತ್ತಿತು. ಆಗ ನಾನು ತಲೆ ಎತ್ತಿ ಎದುರಿಗೆ ನೋಡಬಹುದಿತ್ತು. ಕಸುಬಿನವರು ಯಾರೂ ಹಾಗೆ ಮಾಡುವುದಿಲ್ಲ. ನಾನು ತಲೆ ತಗ್ಗಿಸಿ ಕೆಂಪು ದೀಪ ನೋಡಿದೆ, ಅದು ಯಾವಾಗ ಆರುತ್ತದೆ ಎಂದು. ಗೆಳೆಯರ ಕೂಗು, ಜೀಪಿನ ಎಂಜಿನ್ನು ಎರಡೂ ಕೇಳಿಸಿದ್ದು ಆ ಹೊತ್ತಿನಲ್ಲೇ.

ತಲೆ ಎತ್ತಿದಾಗ ಎಲ್ಲ ಆಗಿತ್ತು. ಬಿಳಿ ಧೂಳು. ಧೂಳಿನೊಳಗೆ ಅಡ್ಡಲಾಗಿ ಜೀಪು. ಒಂದು ಕಾಡುಕತ್ತೆ ಕುಂಟುತ್ತ ದೂರ ಹೋಗುತ್ತಿತ್ತು, ಮಗ್ಗುಲಿನಿಂದ ರಕ್ತ ಇಳಿಯುತ್ತಿತ್ತು. ಜೀಪಿನ ಮುಂದೆ ಗೆಳೆಯರು ಒಂದು ಮಗ್ಗುಲಾಗಿ ಬಿದ್ದಿದ್ದರು. ಮೊಣಕಾಲಿನ ಕೆಳಗೆ, ಕೀಲೇ ಇಲ್ಲದ ಕಡೆ ಕಾಲು ಮಡಚಿತ್ತು. ಪ್ಯಾಂಟು ಹರಿದು ಎಲುಬು ಹೊರಬಂದಿತ್ತು. ಅದಕ್ಕೆ ಉಪ್ಪುಮಣ್ಣು ಮೆತ್ತಿಕೊಂಡಿತ್ತು.

ಅವರು ನನ್ನನ್ನು ನೋಡಿ, ತೀರಾ ಸಹಜವಾದ ದನಿಯಲ್ಲಿ, "ಗುರುಗಳ, ನನ್ನ ಬೂಟ್ ಎಲ್ಲದ?" ಎಂದರು. ಬೂಟು ಕಾಲಿನಲ್ಲೇ ಇತ್ತು. ಕಾಲೇ ಬೇರೆ ಕಡೆಗೆ ತಿರುಗಿತ್ತು.

ಚಾಲಕ ಎರಡೂ ಕೈಯಿಂದ ತಲೆ ಚಚ್ಚಿಕೊಳ್ಳುತ್ತಿದ್ದ. ನಾವಿಬ್ಬರೂ ಅವರನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದೆವು. ಅವನ ರುಮಾಲಿನಿಂದ ತೊಡೆ ಬಿಗಿದೆವು. ರಸ್ತೆ ಇಲ್ಲದ ನೆಲ. ಜೀಪು ಕುಲುಕಿದಾಗೆಲ್ಲ ಅವರು ಅರಚುತ್ತಿದ್ದರು, ಎಲುಬು ನನ್ನ ಅಂಗೈಗೆ ಚುಚ್ಚುತ್ತಿತ್ತು. ಆಮೇಲೆ ಅರಚುವುದು ನಿಂತಿತು. ಅದು ಇನ್ನೂ ಭಯಂಕರವಾಗಿತ್ತು. ಊರಿನ ಸಣ್ಣ ಆಸ್ಪತ್ರೆಯ ಅಂಗಳದಲ್ಲಿ ಚಾಲಕ ಬಕೆಟ್ಟಿನಿಂದ ನೀರು ಎರಚಿ ಜೀಪು ತೊಳೆದ. ಮುಂದಿನ ಬಂಪರಿನ ಮೇಲೆ ರಕ್ತವಿತ್ತು. ಇತ್ತು ಎಂದು ನನ್ನ ನೆನಪು. ಬಾಗಿಲಿನ ಮೇಲೂ ಇತ್ತು, ಸೀಟಿನ ಮೇಲೂ ಇತ್ತು, ನಮ್ಮ ಕೈಯದೂ ಆಗಿರಬಹುದು, ಕುಂಟುತ್ತ ಹೋದ ಪ್ರಾಣಿಯದೂ ಆಗಿರಬಹುದು. ನೀರು ಎಲ್ಲವನ್ನೂ ಒಂದೇ ಮಾಡಿ ಚರಂಡಿಗೆ ಒಯ್ದಿತು.

ಪುಣೆಗೆ ತಂದ ಮೇಲೆ ಗಾಯ ಕೊಳೆಯಿತು. ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿದರು. ಒದ್ದರೂ ಹೀಗೇ ಮುರಿಯುತ್ತದೆ, ಚಕ್ರ ಹಾದರೂ ಹೀಗೇ ಮುರಿಯುತ್ತದೆ ಎಂದು ವೈದ್ಯರು ಅಂದರು. ಗೆಳೆಯರ ಕ್ಯಾಮೆರಾ ಜಜ್ಜಿಹೋಗಿತ್ತು, ಒಳಗಿನ ಕಾರ್ಡು ಉಳಿದಿತ್ತು. ಕೊನೆಯ ಚಿತ್ರದ ತುಂಬ ಕಂದು ಮಸುಕು. ಪ್ರಾಣಿ ಮೈಮೇಲೆ ಬಂದಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಕಾಲು ಮುರಿದದ್ದು ಯಾವುದು ಎನ್ನುವುದಕ್ಕೆ ಅಲ್ಲ.

ಅವರ ಹೆಂಡತಿ ಅಷ್ಟರಲ್ಲಿ ರಣದ ಅರಣ್ಯ ಕಚೇರಿಗೆ ಫೋನು ಮಾಡಿ ದೂರು ಕೊಟ್ಟಿದ್ದರು. ಸಾಕ್ಷಿಯ ಮಾತು ಕೇಳುವ ತನಕ ಚಾಲಕ ಜೀಪು ಹೊರಗೆ ತೆಗೆಯಬಾರದು ಎಂದು ಅಲ್ಲಿಯವರು ತಡೆದಿದ್ದರು. ಒಂದು ದಿನ ಅವನೇ ನನಗೆ ಫೋನು ಮಾಡಿದ.

"ದೀದೀ, ಮೈನೇ ತೋ ಬಚಾಯಾ ನಾ?"

ನಾನೇ ಉಳಿಸಿದೆನಲ್ಲ ಎನ್ನುತ್ತಿದ್ದಾನೆ ಎಂದು ಮೊದಲು ತಿಳಿದೆ. ಆಮೇಲೆ ಹೊಳೆಯಿತು, ಅವನು ನನ್ನನ್ನು ಕೇಳುತ್ತಿದ್ದ. ಧೂಳಿನಲ್ಲಿ ಅವನಿಗೂ ಏನೂ ಕಂಡಿರಲಿಲ್ಲ. ಅಡ್ಡ ಬರಲು ಜೀಪು ನುಗ್ಗಿಸಿದ, ಏನೋ ಬಡಿಯಿತು, ನಿಲ್ಲಿಸಿದ. ಬಡಿದದ್ದು ಪ್ರಾಣಿ ಎಂದು ಅವನ ನಂಬಿಕೆ. ನನ್ನ ಬಾಯಿಂದ ಕೇಳಿದರೆ ಅವನಿಗೆ ನಿದ್ದೆ ಬರುತ್ತಿತ್ತು. ನೋಡಿಲ್ಲಪ್ಪ ಎಂದೆ. ಅವನ ಹಿಂದೆ ಎಲ್ಲೋ ಎಮ್ಮೆ ಕೂಗಿತು. ಫೋನು ಇಟ್ಟ.

ಗೆಳೆಯರ ಮನೆ ಮಾರ್ಕೆಟ್ ಯಾರ್ಡಿನ ಹತ್ತಿರವೇ. ಬೆಳಗಿನ ಲಾರಿಗಳ ಗದ್ದಲ ಮಂಚದ ತನಕ ಬರುತ್ತದೆ. ಆ ಮಧ್ಯಾಹ್ನ ನನ್ನ ಚಿತ್ರಗಳನ್ನೆಲ್ಲ ಅವರ ಟೀವಿಗೆ ಹಾಕಿ ತೋರಿಸುತ್ತಿದ್ದೆ. ಕತ್ತಿನ ಜೋತ ಚರ್ಮ ಪರದೆಯ ತುಂಬ ಬಂತು. ಹೆಂಡತಿ ಚಹಾದ ಕಪ್ಪು ಕೆಳಗಿಟ್ಟು ಮುಖ ತಿರುಗಿಸಿದರು.

"ಮುಂದಿಂದ ತೋರ್ಸ್ರಿ" ಎಂದರು.

ಮುಂದಿನದು ಪ್ರಾಣಿಗಳು ಅವರತ್ತ ಓಡಿಬರುತ್ತಿರುವುದು. ಅದರ ಮುಂದಿನದು ಧೂಳು, ಜೀಪು, ಕಾಲು.

"ನಡುವಿಂದು ಎಲ್ಲದ?"

"ಇಲ್ರಿ. ಕ್ಯಾಮೆರಾ ನಿಂತುಬಿಟ್ಟಿತ್ತು."

"ಅಷ್ಟ ಛಂದ ನಿಂತಿತೇನು? ಬೇಕಾದಾಗ?" ಅವರ ದನಿ ಏರಿತು. "ತಂಗಿ, ಖರೆ ಹೇಳ್ರಿ. ಜೀಪ ಹಾಯ್ತಲಾ?"

ಗೆಳೆಯರು ಮಂಚದಿಂದಲೇ, "ಕತ್ತೆ ಒದೀತು ಅಂದ್ನೆಲ್ಲಾ. ಮುಗೀತಲ್ಲಾ" ಎಂದರು.

"ನಿನ್ನೆ ಏನೂ ನೆನಪಿಲ್ಲ ಅಂದ್ರಿ. ಇವತ್ತ ಒದೀತು ಅಂತೀರಿ. ನೀವು ಸುಮ್ಮ ಕೂಡ್ರಿ." ಅವರು ನನ್ನ ಕಡೆ ತಿರುಗಿದರು. "ನಿಮಗ ಗೊತ್ತದೇನ್ರಿ, ಯಾರ್ಡಿನ್ಯಾಗ ಏನಂತಾರ? ಹಮಾಲರು ಚೀಲಾ ಹೊತಗೊಂಡು ಹೋಗೂವಾಗ ಹಾಡಿನ ಹಂಗ ಹೇಳ್ತಾರ, ಶೇಠಲಾ ಗಾಢವಾನಂ ಲಾಥ ಮಾರಲಿ, ಶೇಠಲಾ ಗಾಢವಾನಂ ಲಾಥ ಮಾರಲಿ. ಸೇಠಗ ಕತ್ತೆ ಒದೀತಂತ! ಮಾವ ಕಟ್ಟಿದ ಅಂಗಡಿ. ಇವ್ರು ಯಾರ ಬಾಯಿಂದೂ ಒಂದು ಮಾತ ಕೇಳಿದವ್ರಲ್ಲ. ಗಾಡಿ ಹಾಯ್ತು ಅಂದ್ರ ಮಂದಿ ಅಯ್ಯೋ ಅಂತಾರ. ಕತ್ತೆ ಒದೀತು ಅಂದ್ರ ಹಲ್ಲ ಕಿಸೀತಾರ."

"ಕಿಸೀಲಿ ಬಿಡ" ಎಂದರು ಗೆಳೆಯರು. "ಕಾಡುಕತ್ತೆ ಅಂತ ಹೇಳು. ಕಾಡು ಅನ್ನೂದು ಬಿಡಬ್ಯಾಡ."

"ಕಾಲ ಹೋಗ್ಯದ, ಚಾಷ್ಟಿ ಹೋಗಿಲ್ಲ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಪೋರ ಗಾಡಿ ಹಾಯಿಸ್ಯಾನ. ಅವಾ ತಿಂದು ಉಂಡು ಅಡ್ಡ್ಯಾಡ್ಲಿ, ನೀವು ಒಂದ ಕಾಲಾಗ ಕೂಡ್ರಿ. ನಾ ಬಿಡಂಗಿಲ್ಲ."

ಆಗಲೇ ನನಗೆ ಫೋನು ಬಂತು. ಅರಣ್ಯ ಕಚೇರಿಯ ಅಧಿಕಾರಿ. ಆ ಹೊತ್ತಿಗೆ ಮಾಡುವುದಾಗಿ ಮೊದಲೇ ತಿಳಿಸಿದ್ದರು. ಹೆಂಡತಿ ಸ್ಪೀಕರಿಗೆ ಹಾಕಿಸಿದರು. ಅಧಿಕಾರಿಯ ಹಿಂದಿ ಮೆತ್ತಗಿತ್ತು. ಜೀಪು ಮೊದಲು ಬಡಿಯಿತೋ, ಪ್ರಾಣಿಯೋ, ನೀವು ನೋಡಿದ್ದು ಹೇಳಿ ಎಂದರು.

ಕೋಣೆಯಲ್ಲಿ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು, ಆ ಕ್ಷಣ ನಾನು ನೋಡಲಿಲ್ಲ ಎಂದೆ. ಅಲ್ಲೇ ಇದ್ದಿರಲ್ಲ ಎಂದರು. ಇದ್ದೆ, ನೋಡಲಿಲ್ಲ ಎಂದೆ. ಹಾಗಾದರೆ ಜೀಪಲ್ಲ ಎಂದು ನೀವು ಹೇಳುವುದಿಲ್ಲ, ಹಾಗೇ ಬರೆದುಕೊಳ್ಳುತ್ತೇನೆ, ಚಾಲಕನ ಪರವಾನಗಿ…

ಗೆಳೆಯರು ಮಂಚದಿಂದ ಹಾರಿದರು. ಹಾರಿದರು ಎಂದೇ ಬರೆಯಬೇಕು. ಇಲ್ಲದ ಕಾಲನ್ನು ನೆಲಕ್ಕೆ ಇಡಲು ಹೋದರು. ಆ ಕಾಲು ಇಲ್ಲವೆಂದು ಮೈಗೆ ಇನ್ನೂ ತಿಳಿದಿರಲಿಲ್ಲ. ಇಡೀ ಭಾರದೊಡನೆ ಮುಗ್ಗರಿಸಿದರು. ಕತ್ತರಿಸಿದ ತುದಿ ಟೀಪಾಯಿಯ ಅಂಚಿಗೆ ಬಡಿಯಿತು. ಕಪ್ಪುಗಳು ಒಡೆದವು. ಬಟ್ಟೆಯ ಕಟ್ಟಿನ ಬಿಳುಪಿನಲ್ಲಿ ಕೆಂಪು ಮೊದಲು ಚುಕ್ಕೆಯಾಗಿ, ಮರುಕ್ಷಣ ತಟ್ಟೆಯಷ್ಟಾಗಿ ಹರಡಿತು. ಅವರು ನೆಲದಲ್ಲಿ, ಚೂರುಗಳ ನಡುವೆ ಹೊಟ್ಟೆಯ ಮೇಲೆ ಬಿದ್ದುಕೊಂಡೇ ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಸಾಹೇಬ್, ಗಧೇ ನೇ ಮಾರಾ! ಮೈನೇ ದೇಖಾ! ಮೇರಾ ಪೈರ್ ಹೈ, ಮುಝೇ ಮಾಲೂಮ್ ಹೈ! ಲಡಕೇ ನೇ ಬಚಾಯಾ!"

ಕತ್ತೆಯೇ ಒದ್ದದ್ದು, ನಾನೇ ನೋಡಿದೆ, ಹುಡುಗ ಉಳಿಸಿದ ಎನ್ನುವಾಗ ನೋವಿಗೆ ಅವರ ದನಿ ಹರಿದುಹೋಗಿತ್ತು. ಹೆಂಡತಿ ಅವರ ಬೆನ್ನ ಮೇಲೆ ಮುಷ್ಟಿಯಿಂದ ಗುದ್ದತೊಡಗಿದರು. "ಸುಳ್ಳ! ಸುಳ್ಳ! ಸುಳ್ಳ ಹೇಳ್ತೀರಿ!" ಗುದ್ದು ನಿಜವಾಗಿಯೂ ಬೀಳುತ್ತಿತ್ತು, ಡಬ್ ಡಬ್ ಎಂದು. ನಾನು ಗುದ್ದುತ್ತಿದ್ದ ತೋಳು ಹಿಡಿದೆ. ಕೊಡವಿಕೊಂಡರು, ಉಗುರು ನನ್ನ ಕೆನ್ನೆಗೆ ಗೀರಿತು. ಆಮೇಲೆ ಅವರ ಕಣ್ಣು ಆ ಕಟ್ಟಿನ ಮೇಲೆ ಬಿತ್ತು. ಒಮ್ಮೆಲೆ ಕೂತು, ಸೆರಗು ಎಳೆದು, ಆ ಮೊಂಡುಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಒತ್ತಿ ಹಿಡಿದರು. "ರಿಕ್ಷಾ ಕರೀರಿ, ಏನ ನೋಡ್ತೀರಿ! ಬರೇ ನೋಡ್ತ ನಿಂದರ್ತೀರಿ!" ಎಂದು ನನ್ನನ್ನು ಗದರಿದರು. ಫೋನಿನಿಂದ ಅಧಿಕಾರಿ ಹಲೋ ಹಲೋ ಎನ್ನುತ್ತಿದ್ದರು.

ಹೊಲಿಗೆ ಬಿಚ್ಚಿತ್ತು. ಮತ್ತೆ ಹಾಕಿದರು. ಗಾಯ ಮಾಯಲು ಇನ್ನೂ ಬಹಳ ದಿನ ಹಿಡಿಯಿತು. ಪೆಟ್ಟು ತಿಂದವರೇ ಹೇಳಿದ ಮೇಲೆ ಕಚೇರಿಯವರು ದೂರು ಕೈಬಿಟ್ಟರು. ಚಾಲಕ ಮತ್ತೆ ಜೀಪು ಓಡಿಸುತ್ತಿದ್ದಾನೆ. ಹೆಂಡತಿ ಕೆಲವು ಕಾಲ ನನ್ನೊಡನೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ದಿನ ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿದರು.

ಗೆಳೆಯರು ಕೃತಕ ಕಾಲು ಹಾಕಿಕೊಂಡು ಅಂಗಡಿಗೆ ಹೋಗತೊಡಗಿದರು. ಹಮಾಲರು ಕೇಳುವ ಮೊದಲೇ ತಾವೇ ಕತೆ ಶುರು ಮಾಡುತ್ತಾರೆ. ಗಾಢವಾನಂ ಎನ್ನುವಾಗ ಎಲ್ಲರಿಗಿಂತ ಮೊದಲು ತಾವೇ ನಗುತ್ತಾರೆ. ಮೊದಮೊದಲು ಕತೆ ಚಿಕ್ಕದಿತ್ತು. ಬಂತು, ಒದೀತು. ಬರಬರುತ್ತ ಬೆಳೆಯಿತು. ಈಗ ಅದರಲ್ಲಿ ಪ್ರಾಣಿಯ ಬಿಸಿ ಉಸಿರಿದೆ. ಗೊರಸು ಕಾಲಿನ ಮೇಲೆ ಬಿದ್ದಾಗ ಹಸಿ ಕಬ್ಬು ಮುರಿದಂತೆ ಸದ್ದಾದದ್ದು ಇದೆ. ಜೋತ ಚರ್ಮ ಮುಖಕ್ಕೆ ತಾಗಿ ಬೆಚ್ಚಗಿತ್ತು ಎನ್ನುವುದಿದೆ. ಅದನ್ನು ಹೇಳುವಾಗ ಅವರ ಕೈ ತಂತಾನೇ ಕೆನ್ನೆ ಒರೆಸಿಕೊಳ್ಳುತ್ತದೆ. ಆ ಚರ್ಮ ನನ್ನ ಚಿತ್ರಗಳಲ್ಲಿದೆ, ಟೀವಿಯಲ್ಲಿ ಅವರು ನೋಡಿದ್ದಾರೆ. ಆದರೆ ಬೆಚ್ಚಗಿತ್ತು ಎನ್ನುವುದು ಚಿತ್ರದಲ್ಲಿ ಇರುವುದಿಲ್ಲ.

ಒಮ್ಮೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಕೇಳಿದೆ. "ಖರೇನ ನೆನಪಾಗ್ಯದೇನ್ರಿ?"

ಅವರು ಚೀಲದ ಬಾಯಿಂದ ಒಂದು ಉಳ್ಳಾಗಡ್ಡಿ ತೆಗೆದು ಒಣಸಿಪ್ಪೆ ಉಜ್ಜಿದರು. ಬಹಳ ಹೊತ್ತು ಉಜ್ಜಿದರು.

"ಆಗ್ಯದ ಅನಸ್ತದ ಗುರುಗಳ" ಎಂದರು. "ದಿನಾ ಹೆಚ್ಚ ಆಗ್ಲಿಕತ್ತದ. ಅವತ್ತ ಫೋನಿನ್ಯಾಗ ಹೇಳಿದಾಗ ಏನೂ ಇದ್ದಿದ್ದಿಲ್ಲ. ಈಗ ಎಲ್ಲಾ ಅದ."

ಅಂದು ಅವರು ಸುಳ್ಳು ಹೇಳಿದರೋ, ಸುಳ್ಳು ಹೇಳಲು ಹೋಗಿ ನಿಜವನ್ನೇ ಹೇಳಿದರೋ ನನಗೆ ತಿಳಿಯದು. ಕೂಗು ಮೊದಲೋ ಎಂಜಿನ್ ಮೊದಲೋ ತಿಳಿಯದು. ಆ ಕಾಲನ್ನು ಮುರಿದದ್ದು ಯಾವುದು ಎಂದು ನನಗೆ ಗೊತ್ತಿಲ್ಲ.